ಒಂದೇ ಕಂಪ್ಯೂಟರ್, ಎರಡು ವ್ಯವಸ್ಥೆ: ಕಪ್ಪು ಪರದೆ ಬಂದರೆ ಫಾರ್ಮ್ಯಾಟ್‌ಗೆ ಅವಸರ ಬೇಡ

ಸೊಲ್ಲಾಪುರ: ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ. ಅದರ ಮೇಲೆ 'ಗ್ರಬ್ ರೆಸ್ಕ್ಯೂ' ಎಂಬ ಎರಡೇ ಪದ. ನಿನ್ನೆ ಸಂಜೆವರೆಗೆ ಇದ್ದ ವಿಂಡೋಸ್ ಇಲ್ಲ, ಲಿನಕ್ಸ್ ಕೂಡ ಇಲ್ಲ. ಗಾಬರಿಯಾದ ಮನೆಯವರು ಯಂತ್ರ ಹೊತ್ತು ಪೇಟೆಗೆ ಓಡುತ್ತಾರೆ. 'ಫಾರ್ಮ್ಯಾಟ್ ಹೊಡೀಬೇಕು' ಎಂದರೆ ತಲೆಯಾಡಿಸುತ್ತಾರೆ. ಸಾತ್‌ಬಾರಾ ಉತಾರದ ಸ್ಕ್ಯಾನ್ ಪ್ರತಿ, ಮಕ್ಕಳ ಜಾತಿ ಪ್ರಮಾಣಪತ್ರ, ಮದುವೆಯ ಫೋಟೋ ಎಲ್ಲವೂ ಅಲ್ಲಿಗೆ ಮುಗಿಯಿತು.

ಆದರೆ ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಕಡತಗಳಿಗೆ ಏನೂ ಆಗಿರುವುದಿಲ್ಲ. ಕೆಟ್ಟಿರುವುದು ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶ ಮಾತ್ರ.

ಎರಡು ವ್ಯವಸ್ಥೆ ಏಕೆ ಬೇಕು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ, ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಹತ್ತು ವರ್ಷ ಹಳೆಯ ಯಂತ್ರಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾಸಾಗುವುದಿಲ್ಲ. ಅಂಥವರಿಗೆ ಹಣ ಕೊಡದೆ ಸಿಗುವ ಲಿನಕ್ಸ್ ಒಳ್ಳೆಯ ದಾರಿ. ಕೇರಳದ ಶಾಲೆಗಳಲ್ಲಿ ಲಿನಕ್ಸೇ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಹಾಗೆಂದು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆ ವಿಂಡೋಸ್ ಬಿಡುವುದು ಸುಲಭವಲ್ಲ. ಎಂಎಸ್-ಸಿಐಟಿ ಕಲಿತವರ ಕೈ ಅದಕ್ಕೆ ಪಳಗಿದೆ. ಮರಾಠಿ ಡಿಟಿಪಿ ಕೆಲಸದ ಶ್ರೀಲಿಪಿ, ಕನ್ನಡದ ನುಡಿ, ಬರಹ ತಂತ್ರಾಂಶಗಳು ವಿಂಡೋಸ್‌ಗಾಗಿಯೇ ಹುಟ್ಟಿದವು. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳುವುದು ಜಾಣತನ. ಹಳೆಯ ಲಿಪಿ ತಂತ್ರಾಂಶಕ್ಕೆ ವಿಂಡೋಸ್, ಇಂಟರ್ನೆಟ್ ಮತ್ತು ಬ್ಯಾಂಕಿನ ಕೆಲಸಕ್ಕೆ ಲಿನಕ್ಸ್.

ಹೊಟಗಿ ಜಂಕ್ಷನ್ನಿನ ಪಾಠ

ಸೊಲ್ಲಾಪುರದಿಂದ ಹೊರಟ ರೈಲು ಹೊಟಗಿ ಜಂಕ್ಷನ್ನಿಗೆ ಬಂದಾಗ ಹಳಿ ಎರಡಾಗುತ್ತದೆ. ಒಂದು ಅಕ್ಕಲಕೋಟ ರೋಡ್, ದುಧನಿ ಮೇಲೆ ಕಲಬುರಗಿಗೆ. ಇನ್ನೊಂದು ವಿಜಯಪುರ ಮೇಲೆ ಗದಗಿಗೆ. ಯಾವ ಗಾಡಿ ಯಾವ ಹಳಿಗೆ ಎಂದು ಅಲ್ಲಿ ಪಾಯಿಂಟು ಬದಲಿಸುತ್ತಾರೆ. ಬೂಟ್‌ಲೋಡರ್ ಮಾಡುವುದೂ ಇದೇ ಕೆಲಸ. ಪಾಯಿಂಟು ಕೆಟ್ಟರೆ ಗಾಡಿ ನಿಲ್ಲುತ್ತದೆ, ನಿಜ. ಆದರೆ ವಿಜಯಪುರವೂ ಕಲಬುರಗಿಯೂ ಇದ್ದಲ್ಲೇ ಇರುತ್ತವೆ. ಪಾಯಿಂಟು ಕೆಟ್ಟಿತೆಂದು ಊರನ್ನೇ ಕೆಡವುವವರು ಯಾರು?

ಹಳೆಯ ಬಯೋಸ್ ಮಾದರಿಯ ಯಂತ್ರಗಳಲ್ಲಿ ಬೂಟ್‌ಲೋಡರಿನ ಮೊದಲ ತುಣುಕು ಹಾರ್ಡ್‌ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಕೂರುತ್ತದೆ. ಅಲ್ಲಿ ಒಬ್ಬರಿಗೇ ಜಾಗ. ಲಿನಕ್ಸ್ ಹಾಕಿದ ಮೇಲೆ ವಿಂಡೋಸನ್ನು ಮತ್ತೆ ಹಾಕಿದರೆ ಅದು ಗ್ರಬ್ ಎಂಬ ಲಿನಕ್ಸ್ ಬೂಟ್‌ಲೋಡರನ್ನು ಅಳಿಸಿ ತಾನು ಕೂರುತ್ತದೆ. ಆದ್ದರಿಂದಲೇ ಮೊದಲು ವಿಂಡೋಸ್, ನಂತರ ಲಿನಕ್ಸ್ ಎಂಬ ನಿಯಮ.

ಯುಇಎಫ್‌ಐ ಮಾದರಿಯ ಹೊಸ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ವಿಭಾಗವಿದೆ. ಅಲ್ಲಿ ಎರಡೂ ಬೂಟ್‌ಲೋಡರುಗಳು ತಮ್ಮ ತಮ್ಮ ಫೋಲ್ಡರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಯಾವುದು ಮೊದಲು ಎಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ವಿಂಡೋಸ್ ದೊಡ್ಡ ಪರಿಷ್ಕರಣೆ ಪಡೆದಾಗ ಈ ಪಟ್ಟಿಯಲ್ಲಿ ತನ್ನ ಹೆಸರನ್ನು ಮೇಲೆ ಹಾಕಿಕೊಳ್ಳುವುದುಂಟು. ಆಗ ಲಿನಕ್ಸ್ 'ಮಾಯವಾಗುತ್ತದೆ'.

ರಿಪೇರಿ ಹೇಗೆ?

ಯಂತ್ರ ಚಾಲೂ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತಬೇಕು. ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಹೊಸ ಯಂತ್ರವಾದರೆ 'ಉಬುಂಟು' ಮತ್ತು 'ವಿಂಡೋಸ್ ಬೂಟ್ ಮ್ಯಾನೇಜರ್' ಎರಡೂ ಹೆಸರು ಕಂಡಾವು. ಬೇಕಾದದ್ದನ್ನು ಆರಿಸಿದರೆ ಕೆಲಸ ನಡೆಯುತ್ತದೆ. ಆಮೇಲೆ ಸೆಟಪ್‌ನೊಳಗೆ ಹೋಗಿ ಕ್ರಮ ಸರಿಪಡಿಸಿದರಾಯಿತು.

ಗ್ರಬ್ ಪಟ್ಟಿಯಲ್ಲಿ ವಿಂಡೋಸ್ ಕಾಣದಿದ್ದರೆ ಅದಕ್ಕೂ ಕಾರಣವಿದೆ. 2021ರ ಗ್ರಬ್ 2.06 ಆವೃತ್ತಿಯಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ 'ಓಎಸ್-ಪ್ರೋಬರ್' ಸೌಲಭ್ಯವನ್ನು ಮೊದಲೇ ಬಂದ್ ಮಾಡಿಡಲಾಗಿದೆ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದನ್ನು ಚಾಲೂ ಮಾಡಿ 'ಅಪ್‌ಡೇಟ್-ಗ್ರಬ್' ಆದೇಶ ಕೊಟ್ಟರೆ ವಿಂಡೋಸ್ ಪಟ್ಟಿಗೆ ಮರಳುತ್ತದೆ.

'ಗ್ರಬ್ ರೆಸ್ಕ್ಯೂ' ಬರುವುದು ಹೆಚ್ಚಾಗಿ ಲಿನಕ್ಸ್ ವಿಭಾಗವನ್ನು ವಿಂಡೋಸ್‌ನಿಂದ ಅಳಿಸಿದಾಗ. ಗ್ರಬ್‌ನ ಉಳಿದ ಭಾಗ ಆ ವಿಭಾಗದಲ್ಲೇ ಇತ್ತು. ತಲೆ ಉಳಿಯಿತು, ಮುಂಡ ಹೋಯಿತು. ಹಳೆಯ ಯಂತ್ರದಲ್ಲಿ ವಿಂಡೋಸ್ ಪೆನ್‌ಡ್ರೈವಿನಿಂದ ಆರಂಭಿಸಿ, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಬೂಟ್‌ರೆಕ್ ಫಿಕ್ಸ್-ಎಂಬಿಆರ್' ಆದೇಶ ಕೊಡಬೇಕು. ಹೊಸದರಲ್ಲಿ ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿದರೆ ಸಾಕು.

ತಪ್ಪು ಯಾವಾಗಲೂ ಬಳಸುವವರದೇ ಅಲ್ಲ. 2024ರ ಆಗಸ್ಟ್ 13ರ ವಿಂಡೋಸ್ ಸುರಕ್ಷತಾ ಪರಿಷ್ಕರಣೆ ಹಳೆಯ, ದುರ್ಬಲ ಗ್ರಬ್ ಆವೃತ್ತಿಗಳನ್ನು ತಡೆಯಲು ಬಂದಿತ್ತು. ಎರಡು ವ್ಯವಸ್ಥೆಯ ಯಂತ್ರಗಳಿಗೆ ಅದು ತಟ್ಟುವುದಿಲ್ಲ ಎಂದು ಕಂಪನಿ ಹೇಳಿತ್ತು. ಆದರೂ ಜಗತ್ತಿನ ಹಲವೆಡೆ ಲಿನಕ್ಸ್ ಏಳಲೇ ಇಲ್ಲ. ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ. ಆಗಲೂ ಕಡತಗಳು ಸುರಕ್ಷಿತವಾಗಿಯೇ ಇದ್ದವು.

ಮೊದಲೇ ಮಾಡಬೇಕಾದ್ದು

ಎರಡನೇ ವ್ಯವಸ್ಥೆ ಹಾಕುವ ಮುನ್ನ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಬಂದ್ ಮಾಡಬೇಕು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಲಿನಕ್ಸ್‌ನಿಂದ ಆ ಕಡತ ತಿದ್ದಲು ಆಗುವುದಿಲ್ಲ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಬೂಟ್ ಸೆಟ್ಟಿಂಗ್ ಮುಟ್ಟಿದಾಗ ಯಂತ್ರ ಅದನ್ನು ಕೇಳಬಹುದು. ಆ ಕೀಲಿ ಕಳೆದರೆ ಮಾತ್ರ ಕಡತಗಳು ನಿಜವಾಗಿ ಕೈತಪ್ಪುತ್ತವೆ.

ವ್ಯವಸ್ಥೆ ಬದಲಿಸಿದಾಗ ಗಡಿಯಾರ ಐದೂವರೆ ತಾಸು ಹಿಂದುಮುಂದಾದರೆ ಹೆದರಬೇಕಿಲ್ಲ. ಯಂತ್ರದ ಒಳಗಿನ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯವೆಂದು. ಲಿನಕ್ಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.

ಇಷ್ಟಾಗಿಯೂ ಅಂಗಡಿಗೆ ಹೋಗಲೇಬೇಕಾದರೆ ಒಂದು ಮಾತು ನೆನಪಿರಲಿ. ಮೊದಲು ಬೂಟ್‌ಲೋಡರ್ ರಿಪೇರಿ ಮಾಡಿ ನೋಡಲು ಹೇಳಿ. ಅದಾಗದಿದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಯಂತ್ರ ಚಾಲೂ ಮಾಡಿ ಕಡತಗಳನ್ನು ಹೊರತೆಗೆಯಬಹುದು. ಎದುರಿಗಿರುವವರಿಗೆ ಕನ್ನಡ ಬಾರದಿದ್ದರೆ ಮರಾಠಿಯಲ್ಲೇ ಹೇಳಿ: 'ಆಧೀ ಡೇಟಾ ಕಾಢಾ, ಮಗ ಫಾರ್ಮ್ಯಾಟ್ ಕರಾ.'