ಭೂಪಟವೇ ರಾಜ್ಯವಲ್ಲ

1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡರು. ಅನಂತರದ ವರ್ಷಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಮಣೆಯ ಎಲ್ಲ ಮನೆಗಳಿಗೂ ಒಂದೊಂದೇ ಸಲ ಸುತ್ತಿಸುವ ಬಂಧಗಳನ್ನೂ, ಬಗೆಬಗೆಯ ಮಣೆಯಾಟಗಳನ್ನೂ ರಚಿಸಿ ಹೆಸರಾದರು. ಆಳಲು ರಾಜ್ಯವಿಲ್ಲದ ದೊರೆಗೆ ಆಟವೊಂದು ರಾಜ್ಯವಾಯಿತು. ಇಂದು ಆ ಭಾಗ್ಯ ಎಲ್ಲರಿಗೂ ಒದಗಿದೆ. ಒಂದು ಗುಂಟೆ ಜಮೀನಿಗೂ ಒಡೆಯನಲ್ಲದ ತರುಣನು ರಾತ್ರಿಯ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಬೆಳಗಾಗುವುದರೊಳಗೆ ಮೂರು ಖಂಡಗಳನ್ನು ಗೆದ್ದು ಏಳುತ್ತಾನೆ.

ಇಂಗ್ಲಿಷಿನಲ್ಲಿ 'ಗ್ರ್ಯಾಂಡ್ ಸ್ಟ್ರ್ಯಾಟೆಜಿ' ಎಂದು ಕರೆಯಲ್ಪಡುವ ಈ ವಿಡಿಯೋ ಆಟಗಳನ್ನು ನಾವು ರಾಜ್ಯತಂತ್ರದ ಆಟಗಳೆಂದು ಕರೆಯೋಣ. ಇವುಗಳಲ್ಲಿ ಆಟಗಾರನು ಒಬ್ಬ ಸಿಪಾಯಿಯಲ್ಲ. ಇಡೀ ದೇಶವೇ ಅವನ ಕೈಯಲ್ಲಿರುತ್ತದೆ. ಸೈನ್ಯ, ತೆರಿಗೆ, ಸಂಧಾನ, ವ್ಯಾಪಾರ, ವಿವಾಹಸಂಬಂಧ ಎಲ್ಲವನ್ನೂ ಅವನೇ ನಡೆಸಬೇಕು. ಇವುಗಳ ನಿರ್ಮಾಣದಲ್ಲಿ ಅಗ್ರಗಣ್ಯವಾದುದು ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆ. 2000ದಲ್ಲಿ 'ಯುರೋಪಾ ಯೂನಿವರ್ಸಾಲಿಸ್', 2002ರಲ್ಲಿ 'ಹಾರ್ಟ್ಸ್ ಆಫ್ ಐರನ್', 2003ರಲ್ಲಿ 'ವಿಕ್ಟೋರಿಯಾ', 2004ರಲ್ಲಿ 'ಕ್ರುಸೇಡರ್ ಕಿಂಗ್ಸ್' ಹೊರಬಂದವು. 2025ರ ನವೆಂಬರಿನಲ್ಲಿ ಹೊರಟ 'ಯುರೋಪಾ'ದ ಐದನೆಯ ಆವೃತ್ತಿಯ ಕಥಾಕಾಲವು 1337ರಿಂದ ಮೊದಲಾಗುತ್ತದೆ. ಅಂದರೆ ವಿಜಯನಗರದ ಸ್ಥಾಪನೆಯೆಂದು ನಾವು ಹೇಳಿಕೊಂಡು ಬಂದಿರುವ 1336ರ ಮರುವರ್ಷ, ಹೊಯ್ಸಳ ಮೂರನೆಯ ಬಲ್ಲಾಳನು ಇನ್ನೂ ಬದುಕಿದ್ದ ಕಾಲ.

ಇದೆಲ್ಲ ಹುಡುಗಾಟವೆಂದು ತಳ್ಳಿಹಾಕುವ ಹಿರಿಯರು ಒಂದೆರಡು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪ್ರಶಿಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬಾತನು 1824ರಲ್ಲಿ ಪ್ರಕಟಿಸಿದ ಯುದ್ಧದಾಟವನ್ನು ಆ ದೇಶದ ಸೈನ್ಯವೇ ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು. 2004ರಲ್ಲಿ 'ಹಾರ್ಟ್ಸ್ ಆಫ್ ಐರನ್' ಆಟದ ಭೂಪಟದಲ್ಲಿ ಮಂಚೂರಿಯಾ, ಟಿಬೆಟ್ ಮೊದಲಾದುವನ್ನು ಪ್ರತ್ಯೇಕ ದೇಶಗಳೆಂದು ತೋರಿಸಿದ್ದಕ್ಕಾಗಿ ಚೀನಾ ಸರಕಾರವು ಅದನ್ನು ನಿಷೇಧಿಸಿತು. ಆಟವು ಮನಸ್ಸನ್ನು ತಿದ್ದುತ್ತದೆಂಬುದನ್ನು ಅಧಿಕಾರದಲ್ಲಿರುವವರು ಚೆನ್ನಾಗಿ ಬಲ್ಲರು. ಪಠ್ಯಪುಸ್ತಕವನ್ನು ಪರೀಕ್ಷೆಯ ಮರುದಿನವೇ ಮರೆಯುವ ವಿದ್ಯಾರ್ಥಿಯು ಈ ಆಟಗಳಿಂದ ಕಲಿತುದನ್ನು ಬಹುಕಾಲ ಮರೆಯಲಾರನು. ಆದುದರಿಂದ ಅವನು ಕಲಿಯುತ್ತಿರುವುದು ಏನು, ಮುಂದೆ ಕಲಿಯಬೇಕಾದುದು ಏನು ಎಂದು ಕೇಳುವ ಹಕ್ಕು ಸಮಾಜಕ್ಕೆ ಉಂಟು.

ಸಲ್ಲಬೇಕಾದ ಪ್ರಶಂಸೆಯನ್ನು ಮೊದಲು ಸಲ್ಲಿಸುವೆವು. 'ಕ್ರುಸೇಡರ್ ಕಿಂಗ್ಸ್' ಆಟದಲ್ಲಿ ಅರಸನು ಮರ್ತ್ಯನು. ಅವನಿಗೆ ಮುಪ್ಪುಂಟು, ಮಕ್ಕಳ ಕಲಹವುಂಟು. 2022ರ ಮೂರನೆಯ 'ವಿಕ್ಟೋರಿಯಾ'ದಲ್ಲಿ ಪ್ರಜೆಗಳನ್ನು ಕಸುಬು, ಮತ, ಸಂಸ್ಕೃತಿಗಳಿಂದ ವಿಂಗಡಿಸಿ, ಅವರ ಜೀವನಮಟ್ಟವನ್ನೂ ಅವರ ಚಳವಳಿಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ಮೂಲದ ದೋಷವೊಂದು ಉಳಿದಿದೆ. ಆಟಗಾರನು ಆಕಾಶದಲ್ಲಿ ಕುಳಿತು ತನ್ನ ನಾಡಿನ ಎಲ್ಲವನ್ನೂ ಕಾಣುತ್ತಾನೆ. ಅವನ ಅಪ್ಪಣೆಯು ಕೊಟ್ಟ ಕ್ಷಣದಲ್ಲಿಯೇ ನಡೆಯುತ್ತದೆ. ತನ್ನ ಬಣ್ಣವು ಭೂಪಟದಲ್ಲಿ ಹರಡಿದಷ್ಟೂ ತಾನು ಗೆದ್ದನೆಂದು ಅವನು ಭಾವಿಸುತ್ತಾನೆ. ರಾಜ್ಯವೆಂದರೆ ಇಷ್ಟೆಯೆ? ಅಲ್ಲವೆಂದು ನಾವು ಭಾವಿಸುವುದರಿಂದ, ಮುಂದಿನ ಆಟಗಳಿಗಾಗಿ ಮೂರು ಸೂಚನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು ವರದಿಯ ಮಾತು. ಬ್ರಿಟನ್ನಿಗೂ ಅಮೆರಿಕಕ್ಕೂ 1814ರ ಡಿಸೆಂಬರ್ 24ರಂದು ಘೆಂಟ್ ನಗರದಲ್ಲಿ ಸಂಧಿಪತ್ರಕ್ಕೆ ರುಜುವಾಯಿತು. ಸುದ್ದಿಯು ಸಾಗರವನ್ನು ದಾಟುವ ಮೊದಲೇ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸಿನಲ್ಲಿ ಘೋರ ಕಾಳಗವಾಗಿ ಬ್ರಿಟಿಷರ ಕಡೆ ಸುಮಾರು 2,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಶತ್ರುಸೈನ್ಯವನ್ನು ಮಂಜಿನಲ್ಲಿ ಮರೆಮಾಡುವ ಏರ್ಪಾಡು ಈಗಿನ ಆಟಗಳಲ್ಲಿಯೂ ಇದೆ. ಆದರೆ ದೊರೆಗೆ ಹೆಚ್ಚು ಮಂಜು ಕವಿದಿರುವುದು ತನ್ನ ನಾಡಿನ ಮೇಲೆಯೇ. ಶಾನುಭೋಗನ ಲೆಕ್ಕವು ಅಮಲ್ದಾರನ ಕಚೇರಿಗೆ ಬಂದು, ಅಲ್ಲಿಂದ ಮೇಲಕ್ಕೆ ಏರುವಷ್ಟರಲ್ಲಿ ಬೆಳೆ ಎಷ್ಟು ಆಣೆಯದಾಗಿ ಮಾರ್ಪಡುತ್ತಿತ್ತೆಂಬುದನ್ನು ಕಂದಾಯದ ಹಳೆಯ ಕಡತ ನೋಡಿದ ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಮುಂದಿನ ಆಟವು ಆಟಗಾರನಿಗೆ ಸತ್ಯವನ್ನು ಕೊಡದೆ ವರದಿಯನ್ನು ಕೊಡಲಿ. ವರದಿಯು ತಡವಾಗಿ ಬರಲಿ. ಬರೆದವನ ಸ್ವಾರ್ಥವೂ ಭಯವೂ ಅದರಲ್ಲಿ ಬೆರೆದಿರಲಿ. ನಿಜವನ್ನು ತಿಳಿಯಬೇಕಾದರೆ ಹಣವನ್ನೂ ಕಾಲವನ್ನೂ ವೆಚ್ಚಮಾಡಿ ತನಿಖೆಗಾರನನ್ನು ಕಳುಹಿಸಬೇಕಾಗಲಿ.

ಎರಡನೆಯದು ಅನ್ನದ ಮಾತು. 'ವಿಕ್ಟೋರಿಯಾ'ದ ಕಾಲವು 1836ರಿಂದ 1936ರ ವರೆಗಿನದು. ಆ ಶತಮಾನದಲ್ಲಿಯೇ 1876–78ರ ಮಹಾಕ್ಷಾಮವು ದಕ್ಷಿಣವನ್ನು ನುಂಗಿತು. ಮೈಸೂರು ಸೀಮೆಯ ಜನಸಂಖ್ಯೆಯು 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಕ್ಷಾಮವು ಹಬ್ಬುತ್ತಿದ್ದಾಗಲೇ, 1877ರ ಜನವರಿ 1ರಂದು, ವೈಸರಾಯ್ ಲಿಟನ್ನನು ದೆಹಲಿಯಲ್ಲಿ ದರ್ಬಾರು ನಡೆಸಿದನು. ಭಾರತದಿಂದ ಧಾನ್ಯದ ರಫ್ತೂ ನಿಲ್ಲಲಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬುದು ಬಹುಮಂದಿ ಒಪ್ಪುವ ಅಂದಾಜು. ಅದು 'ಹಾರ್ಟ್ಸ್ ಆಫ್ ಐರನ್' ಚಿತ್ರಿಸುವ ಮಹಾಯುದ್ಧದ ನಡುವೆಯೇ ಆದುದು. ಮಳೆ ತಪ್ಪಿದ ಮಾತ್ರಕ್ಕೆ ಜನ ಸಾಯುವುದಿಲ್ಲ. ಬೆಲೆ ಏರಿದಾಗ, ಕೂಲಿ ನಿಂತಾಗ, ದೋಣಿ ಗಾಡಿಗಳು ಸೈನ್ಯದ ಪಾಲಾದಾಗ, ಅಂಗಡಿಯಲ್ಲಿ ಅಕ್ಕಿಯಿದ್ದೂ ಸಾಯುತ್ತಾರೆ. ಕೆರೆಯ ಹೂಳು, ಸಂತೆಯ ದರ, ರೈಲಿನ ಬಾಡಿಗೆ, ಸರಕಾರದ ಹಟ ಇವು ಒಂದಕ್ಕೊಂದು ಹೆಣೆದುಕೊಂಡು ಹೇಗೆ ಮಾರಿಯಾಗುತ್ತವೆಂಬುದನ್ನು ಆಟವೊಂದು ತೋರಿಸಬಲ್ಲುದಾದರೆ, ಹತ್ತು ಉಪನ್ಯಾಸಗಳಿಂದ ಆಗದ ಕೆಲಸವನ್ನು ಅದು ಮಾಡೀತು.

ಮೂರನೆಯದೇ ನಮ್ಮ ಮುಖ್ಯ ಸೂಚನೆ. ಅದು ಪ್ರಜೆಯ ಸಮ್ಮತಿ. ಗುಜರಾತಿನ ಬಾರ್ಡೋಲಿ ತಾಲ್ಲೂಕಿನಲ್ಲಿ ಕಂದಾಯವನ್ನು ನೂರಕ್ಕೆ ಸುಮಾರು 22ರಷ್ಟು ಏರಿಸಿದಾಗ, 1928ರಲ್ಲಿ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ರೈತರು ಅದನ್ನು ಕೊಡಲು ನಿರಾಕರಿಸಿದರು. ಸರಕಾರವು ದನಗಳನ್ನು ಜಪ್ತಿಮಾಡಿತು, ಜಮೀನುಗಳನ್ನು ಮುಟ್ಟುಗೋಲು ಹಾಕಿತು. ಹಳ್ಳಿಯ ಪಟೇಲರೂ ತಲಾಟಿಗಳೂ ಅನೇಕರು ರಾಜೀನಾಮೆಯಿತ್ತರು. ಜಪ್ತಿಯಾದ ಸ್ವತ್ತನ್ನು ಕೊಳ್ಳಲು ಊರವರು ಮುಂದೆ ಬರಲಿಲ್ಲ. ಒಂದು ಗುಂಡನ್ನೂ ಹಾರಿಸದ ಆ ರೈತರ ಮುಂದೆ ಮುಂಬಯಿ ಸರಕಾರವು ವಿಚಾರಣೆಗೆ ಒಪ್ಪಬೇಕಾಯಿತು. ಕೊನೆಗೆ ಏರಿಕೆಯು ನೂರಕ್ಕೆ ಸುಮಾರು 6ಕ್ಕೆ ಇಳಿಯಿತು. ಎರಡು ವರ್ಷಗಳ ಮೇಲೆ ಗಾಂಧೀಜಿಯವರು ದಾಂಡಿಯಲ್ಲಿ ಹಿಡಿದ ಉಪ್ಪು ನಮ್ಮ ಅಂಕೋಲೆಯ ಕಡಲತೀರದ ವರೆಗೂ ಪ್ರತಿಧ್ವನಿಸಿತು. ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಸೆರೆಮನೆಗೆ ಹೋದರು.

ಇದು ರಾಜ್ಯತಂತ್ರವಲ್ಲವೆ? ಹಾಗಾದರೆ ಇದನ್ನು ಆಡುವ ಬಗೆ ಹೇಗೆ? ಆಟಗಾರನಿಗೆ ಸೈನ್ಯವಿಲ್ಲ, ಬೊಕ್ಕಸವಿಲ್ಲ. ಅವನ ಬಂಡವಾಳವೆಂದರೆ ಜನರ ನಂಬಿಕೆ, ಸಂಯಮ, ಪತ್ರಿಕೆಗಳು, ಕಾಯುವ ಶಕ್ತಿ. ಪ್ರತಿಯೊಂದು ಹಳ್ಳಿಯೂ ಎಷ್ಟು ದಿನ ತಡೆದುಕೊಂಡೀತೆಂದು ಅವನು ಅರಿಯಬೇಕು. ಒಂದೆಡೆ ಹಿಂಸೆ ಸಿಡಿದರೆ, 1922ರ ಫೆಬ್ರವರಿಯಲ್ಲಿ ಚೌರಿಚೌರದ ಅನಂತರ ಆದಂತೆ, ಗೆಲುವಿನ ಹೊಸ್ತಿಲಲ್ಲಿಯೂ ಚಳವಳಿಯನ್ನು ನಿಲ್ಲಿಸುವ ನಿರ್ಧಾರ ಅವನ ಮುಂದೆ ಬರಬೇಕು. ಎದುರು ಪಕ್ಷದಲ್ಲಿ ಸರಕಾರವಾಗಿ ಆಡುವವನ ಸಂಕಟವೂ ಕಡಿಮೆಯದಲ್ಲ. ಲಾಠಿ ಬೀಸಿದರೆ ಪಟೇಲನು ರಾಜೀನಾಮೆ ಕೊಡುವನು. ಬೀಸದಿದ್ದರೆ ಕಾನೂನು ನಗೆಪಾಟಲಾಗುವುದು. ಸಿಪಾಯಿ, ಗುಮಾಸ್ತ, ತಲಾಟಿ ಇವರ ವಿಧೇಯತೆಯೇ ಸರಕಾರದ ಅಡಿಪಾಯವೆಂಬುದು ಆಗ ಆಟಗಾರನಿಗೆ ತಾನಾಗಿ ಹೊಳೆಯುವುದು.

ಇಂಥ ಆಟವನ್ನು ಆಡುವವರು ಯಾರು ಎಂಬ ಆಕ್ಷೇಪವನ್ನು ನಾವು ಊಹಿಸಬಲ್ಲೆವು. 2014ರಲ್ಲಿ ಪೋಲಂಡಿನಲ್ಲಿ ತಯಾರಾದ 'ದಿಸ್ ವಾರ್ ಆಫ್ ಮೈನ್' ಎಂಬ ಆಟದಲ್ಲಿ ಆಟಗಾರನು ಸೇನಾಪತಿಯಲ್ಲ. ಮುತ್ತಿಗೆಗೆ ಸಿಕ್ಕಿದ ಊರಿನ ಬಡ ನಿವಾಸಿ. ಅನ್ನ, ಔಷಧ, ಉರುವಲುಗಳಿಗಾಗಿ ಹೆಣಗುವುದೇ ಆಟ. ಅದು ಜನಪ್ರಿಯವಾದುದಲ್ಲದೆ, 2020ರಲ್ಲಿ ಪೋಲಂಡಿನ ಸರಕಾರವು ಅದನ್ನು ಶಾಲೆಗಳ ಐಚ್ಛಿಕ ಪಠ್ಯಗಳಲ್ಲಿ ಸೇರಿಸುವುದಾಗಿ ಸಾರಿತು.

ನಮ್ಮವರಿಗೂ ಒಂದು ಎಚ್ಚರಿಕೆಯ ಮಾತು. ನಮ್ಮ ಅರಸರ ಆನೆಗಳು ಲಂಡನ್ನಿನ ಬೀದಿಯಲ್ಲಿ ನಡೆಯುವಂತೆ ಆಟವೊಂದನ್ನು ಮಾಡಿಕೊಂಡು ಹಿಗ್ಗುವುದು ಸುಲಭ. ಬಣ್ಣ ಬದಲಾದ ಮಾತ್ರಕ್ಕೆ ಭೂಪಟದ ದೋಷ ತೀರದು. ಪರರು ನಮ್ಮನ್ನು ಅಂಕಿಯಾಗಿ ಎಣಿಸಿದುದು ತಪ್ಪಾಗಿದ್ದರೆ, ನಾವು ಪರರನ್ನು ಹಾಗೆ ಎಣಿಸುವುದೂ ತಪ್ಪೇ. ಕ್ಷಾಮವನ್ನು ಆಟದ ಅಲಂಕಾರವಾಗಿ, ಸತ್ಯಾಗ್ರಹವನ್ನು ಒಂದು ಗುಂಡಿ ಒತ್ತಿ ಪಡೆಯುವ ವರವಾಗಿ ಮಾಡುವುದೂ ಸಲ್ಲದು.

ಬೆಂಗಳೂರಿನಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ, ಸಾಮಗ್ರಿಗೂ ಕೊರತೆಯಿಲ್ಲ. ರೈಸ್ ಸಾಹೇಬರು ಸಂಗ್ರಹಿಸಿದ ಶಾಸನಗಳಲ್ಲಿ ಕೆರೆಕಟ್ಟೆಗಳ ದತ್ತಿಗಳಿವೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ನನ ಗ್ರಂಥದಲ್ಲಿ ಬೆಳೆ, ಮಣ್ಣು, ಕಸುಬುಗಳ ವಿವರಗಳಿವೆ. ಕ್ಷಾಮದ ವರದಿಗಳಿವೆ, ಜನಗಣತಿಯ ಸಂಪುಟಗಳಿವೆ. ಇವನ್ನು ಓದುವ ತಾಳ್ಮೆಯೊಂದು ಬೇಕು. ಚದುರಂಗದ ಮಣೆಯ ಮೇಲೆ ಪದಾತಿಯು ನಡೆಸಿದತ್ತ ನಡೆಯುತ್ತದೆ, ಮಡಿ ಎಂದಾಗ ಮಡಿಯುತ್ತದೆ. ಬಾರ್ಡೋಲಿಯ ರೈತನು ಹಾಗೆ ನಡೆಯಲಿಲ್ಲ. ಅವನನ್ನು ಲೆಕ್ಕಕ್ಕೆ ಹಿಡಿಯುವ ಆಟವನ್ನು ನಮ್ಮ ತರುಣರು ಕಟ್ಟಲಿ ಎಂದು ನಾವು ಹಾರೈಸುತ್ತೇವೆ.