ಹೋರಿ ನೋಡುವ ಮುನ್ನ ಅದರ ತಾಯಿಯನ್ನು ನೋಡಿ



ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ದಾರಿಯಲ್ಲಿ ಬಿಡಕಿನ್ ಸಿಗುತ್ತದೆ. ಇಂದು ಅದು ಕೈಗಾರಿಕಾ ಪ್ರದೇಶವೆಂದೇ ಹೆಸರಾಗಿದ್ದರೂ ಸುತ್ತಲಿನ ಮರಾಠವಾಡ ದನಕರುಗಳ ನಾಡು. ಇಲ್ಲಿನ ಹೆಸರಾಂತ ತಳಿ ದೇವಣಿ ನಮಗೂ ನೆಂಟ. ಲಾತೂರು, ನಾಂದೇಡ್ ಜೊತೆಗೆ ನಮ್ಮ ಬೀದರ್ ಕೂಡ ಅದರ ತವರು. ಗುಜರಾತಿನ ಗೀರ್, ನಾಸಿಕ್ ಕಡೆಯ ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಈ ತಳಿ ಬಂತೆಂದು ಹೇಳುತ್ತಾರೆ.

ನೀವು ನಗರದಲ್ಲಿದ್ದರೂ ಊರಿನ ಕೊಟ್ಟಿಗೆಗೆ ಹಣ ಕಳಿಸುವವರು ನಿಮ್ಮಲ್ಲಿ ಹಲವರಿದ್ದೀರಿ. ಹೋರಿಯ ಆಯ್ಕೆ ತಪ್ಪಿದರೆ ನಷ್ಟ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಹುಟ್ಟಿದ ಕಡಸು ಬೆಳೆದು ಈಯಲು ಮೂರೂವರೆ, ನಾಲ್ಕು ವರ್ಷ ಬೇಕು. ತಪ್ಪು ಗೊತ್ತಾಗುವುದೇ ಆಗ.

ಹೋರಿ ಏಕೆ ಮುಖ್ಯ?

ಕರುವಿಗೆ ಅರ್ಧ ಗುಣ ತಂದೆಯದು, ಅರ್ಧ ತಾಯಿಯದು. ಆದರೆ ಆಕಳು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ. ಹೋರಿ ಇಡೀ ಊರಿಗೆ ತಂದೆಯಾಗುತ್ತದೆ. ಕೃತಕ ಗರ್ಭಧಾರಣೆಯಲ್ಲಂತೂ ಒಂದೇ ಹೋರಿಗೆ ಸಾವಿರಾರು ಕರು. ಒಳ್ಳೆಯದಾದರೂ ಕೆಟ್ಟದ್ದಾದರೂ ಅಷ್ಟೇ ಬೇಗ ಹರಡುತ್ತದೆ.

ತಾಯಿಯನ್ನು ಏಕೆ ನೋಡಬೇಕು?

ಹೋರಿ ಹಾಲು ಕೊಡುವುದಿಲ್ಲ. ಆದರೆ ಹಾಲಿನ ಗುಣವನ್ನು ಮಗಳಿಗೆ ದಾಟಿಸುತ್ತದೆ. ಆ ಗುಣ ಅದರಲ್ಲಿದೆಯೇ ಎಂದು ತಿಳಿಯಲು ಅದರ ತಾಯಿ, ಅಜ್ಜಿ, ಅಕ್ಕತಂಗಿಯರನ್ನು ನೋಡಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅದರ ಹೆಣ್ಣುಮಕ್ಕಳ ಹಾಲು. ಅದು ತಿಳಿಯುವ ಹೊತ್ತಿಗೆ ಹೋರಿಗೆ ಏಳೆಂಟು ವರ್ಷವಾಗಿರುತ್ತದೆ. ಅದಕ್ಕೇ ವೀರ್ಯವನ್ನು ಮೈನಸ್ 196 ಡಿಗ್ರಿ ದ್ರವ ಸಾರಜನಕದಲ್ಲಿ ಕಾಯ್ದಿಡುತ್ತಾರೆ.

ಒಂದು ದಿನದ ಹಾಲು ನೋಡಿ ಮರುಳಾಗಬೇಡಿ, ಇಡೀ ಸೂಲಿನ ಲೆಕ್ಕ ಕೇಳಿ. ದಿನಕ್ಕೆ ಸರಾಸರಿ 8 ಲೀಟರಿನಂತೆ 4 ತಿಂಗಳು ಕೊಟ್ಟ ಆಕಳು ಕೊಟ್ಟದ್ದು 960 ಲೀಟರ್. 5 ಲೀಟರಿನಂತೆ 9 ತಿಂಗಳು ಕೊಟ್ಟದ್ದು 1,350 ಲೀಟರ್! ಜೊತೆಗೆ ಸಲೀಸಾಗಿ ಈಯುತ್ತದೆಯೇ, ಸಕಾಲಕ್ಕೆ ಮತ್ತೆ ಗಬ್ಬವಾಗುತ್ತದೆಯೇ, ನಾಲ್ಕೂ ಮೊಲೆ ಸರಿಯಿವೆಯೇ, ಸ್ವಭಾವ ಸಾಧುವೇ ಎಂದೂ ವಿಚಾರಿಸಿ. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ಕೊಟ್ಟಿಗೆಗೂ ಸಲ್ಲುತ್ತದೆ.

ಗಂಡು ಕರುವಿನ ಪಾಡು

ಮಾಂಸಕ್ಕೆಂದು ದನ ಸಾಕುವ ದೇಶಗಳಲ್ಲಿ ಕರು ಎಷ್ಟು ಬೇಗ ತೂಕ ಏರುತ್ತದೆ ಎಂಬುದೇ ಹೋರಿಯ ಮುಖ್ಯ ಪರೀಕ್ಷೆ. ಮಹಾರಾಷ್ಟ್ರದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಗೂ ನಿಷೇಧವಿದೆ. ಹಾಗಾಗಿ ಇಲ್ಲಿ ಗಂಡು ಕರುವಿಗೆ ಬೆಲೆ ಬರುವುದು ನೊಗದಿಂದ. ಹಾಲಿಗೂ ಗೇಯ್ಮೆಗೂ ಒದಗುವ ದೇವಣಿಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಗಟ್ಟಿ ಗೊರಸು, ನೇರ ಬೆನ್ನು, ಚುರುಕು ನಡೆ ಇರುವ ಹೋರಿಯ ಮಗ ಒಳ್ಳೆಯ ಎತ್ತಾಗುತ್ತಾನೆ.

ಆ ದೇಶಗಳಿಂದ ನಾವು ಕಲಿಯಬೇಕಾದ ಪಾಠವೂ ಒಂದಿದೆ. ಮೊದಲ ಸೂಲಿನ ಸಣ್ಣ ಕಡಸಿಗೆ ಭಾರೀ ತಳಿಯ ಹೋರಿ ಬೇಡ. ಕರು ದೊಡ್ಡದಾಗಿ ಹೆರಿಗೆ ಕಷ್ಟವಾದರೆ ತಾಯಿ, ಕರು ಎರಡನ್ನೂ ಕಳೆದುಕೊಳ್ಳಬೇಕಾದೀತು.

ಮರೆಯಬಾರದ ಮೂರು ಮಾತು

1. ಹೋರಿಯನ್ನು ಅದರ ಮಗಳಿಗೇ ಬಿಡಬೇಡಿ. ಹತ್ತಿರದ ರಕ್ತ ಕೂಡಿದರೆ ಕರು ಬಡಕಲಾಗುತ್ತದೆ, ಗಬ್ಬ ನಿಲ್ಲುವುದೂ ಕಡಿಮೆ. ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ, ಸುಮಾರು ಮೂರು ವರ್ಷಕ್ಕೊಮ್ಮೆ, ಪಕ್ಕದ ಊರಿನೊಂದಿಗೆ ಹೋರಿ ಬದಲಿಸಿಕೊಳ್ಳಿ.

2. ಪಶುವೈದ್ಯರಿಂದ ಬ್ರೂಸೆಲ್ಲಾ ಪರೀಕ್ಷೆ ಮಾಡಿಸಿ. ಈ ರೋಗದಿಂದ ಆಕಳು ಕಂದು ಹಾಕುತ್ತದೆ, ಮನುಷ್ಯರಿಗೂ ತಗಲುತ್ತದೆ.

3. ವೀರ್ಯ ನಳಿಕೆ ಬಳಸಿದರೆ ಅದರ ಮೇಲಿನ ಹೋರಿಯ ಸಂಖ್ಯೆ ಮತ್ತು ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆ ನೋಟ್‌ಬುಕ್ ಇಲ್ಲದಿದ್ದರೆ ಯಾವ ಕರುವಿಗೆ ಯಾರು ತಂದೆ ಎಂಬುದೇ ನಾಲ್ಕು ವರ್ಷದಲ್ಲಿ ಮರೆತುಹೋಗುತ್ತದೆ. ಮುಂದಿನ ಸಲ ಊರಿಗೆ ಹೊರಟಾಗ ಮಕ್ಕಳಿಗೆ ಮಿಠಾಯಿ ಒಯ್ಯುವ ಚೀಲದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ!