ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಒಂದು ಪುಸ್ತಕ

ಜ್ಯೇಷ್ಠ ಶುದ್ಧ ಪಂಚಮಿ ನಮಗೆಲ್ಲ ಶ್ರುತಪಂಚಮಿ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರೆದು ಮುಗಿಸಿದ ದಿನವೆಂದು ಅಂದು ಮನೆಯಲ್ಲಿರುವ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತೇವೆ. ರಾಯದುರ್ಗದ ನಮ್ಮ ಮನೆಯಲ್ಲಿ ಈ ಪದ್ಧತಿ ಒಂದು ವರ್ಷವೂ ತಪ್ಪಿದ್ದಿಲ್ಲ. ನಮ್ಮದು ಜವಳಿ ಅಂಗಡಿ. ಸುತ್ತುವ ಬಟ್ಟೆಗೆ ಎಂದೂ ಕೊರತೆಯಿಲ್ಲ. ಸುತ್ತಿದ್ದನ್ನು ಬಿಚ್ಚಿ ಓದುವವರಿಗೇ ಕೊರತೆ ಬಂದಿದೆ ಎಂಬುದನ್ನು ನಮಗೆ ತೋರಿಸಿಕೊಟ್ಟವನು ಹತ್ತು ವರ್ಷದ ಮೊಮ್ಮಗ.

ಕೆಲವು ವರ್ಷಗಳ ಹಿಂದೆ ಶ್ರುತಪಂಚಮಿಯ ಪೂಜೆ ಮುಗಿದು ಗ್ರಂಥಗಳನ್ನು ಮತ್ತೆ ಬೀರುವಿನಲ್ಲಿ ಇಡುತ್ತಿದ್ದೆವು. ಪಕ್ಕದಲ್ಲಿ ನಿಂತಿದ್ದ ಹುಡುಗ, “ತಾತಾ, ಇವನ್ನೆಲ್ಲ ಯಾರು ಓದುತ್ತಾರೆ?” ಎಂದು ಕೇಳಿದ. “ನಿನ್ನ ಅಜ್ಜಿ ಓದುತ್ತಾಳೆ” ಎಂದೆವು. “ಓದಿ ಯಾರಿಗೆ ಹೇಳುತ್ತಾರೆ?” ಎಂದ. ನಮಗೆ ಉತ್ತರ ಹೊಳೆಯಲಿಲ್ಲ. ಅವನಿಗೆ ಹೇಳಿದ್ದರೆ ಅವನು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವಲ್ಲ!

ಶ್ರಾವಕರ ಆರು ನಿತ್ಯಕರ್ಮಗಳಲ್ಲಿ ಸ್ವಾಧ್ಯಾಯವೂ ಒಂದೆಂದು ನಾವೆಲ್ಲ ಬಲ್ಲೆವು. ಆದರೆ ತತ್ತ್ವಾರ್ಥಸೂತ್ರದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ತಿಳಿಯದ್ದನ್ನು ಕೇಳುವುದು, ಮನಸ್ಸಿನಲ್ಲಿ ತಿರುವಿ ಹಾಕುವುದು, ಬಾಯಿಪಾಠ ಮಾಡುವುದು, ಇನ್ನೊಬ್ಬರಿಗೆ ಹೇಳುವುದು. ವ್ಯಾಪಾರಿಗಳ ಲೆಕ್ಕದಲ್ಲಿ ಹೇಳುವುದಾದರೆ ಬರೀ ಓದಿದವನಿಗೆ ಸಿಕ್ಕುವುದು ರೂಪಾಯಿಗೆ ಇಪ್ಪತ್ತು ಪೈಸೆ. ಉಳಿದ ಎಂಬತ್ತು ಪೈಸೆ ಕೇಳಿ ಹೇಳುವುದರಲ್ಲಿ, ನೆನೆಯುವುದರಲ್ಲಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ. ನಾವು ಪಂಡಿತರಲ್ಲ, ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಅಂಗಡಿಯಲ್ಲಿ ಕುಳಿತವರು. ನಮ್ಮ ಮನೆಯಲ್ಲಿ ಯಾರು ಯಾವ ಪುಸ್ತಕವನ್ನು ಮೆಚ್ಚುತ್ತಾರೆ, ಅದನ್ನು ಹೇಗೆ ಹಂಚಿಕೊಳ್ಳಲು ಕಲಿತೆವು ಎಂಬುದನ್ನಷ್ಟೇ ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮ ಸೀಮೆಯ ಸಂಗತಿ ಬೇರೆ ಕಡೆಯವರಿಗೆ ತಿಳಿದಿರಲಾರದು. ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಗೆ ಸೇರಿತು. ನಮ್ಮ ಮಾವನವರ ಕಡೆಯ ಮಡಕಶಿರಾ ಮೊದಲಿನಿಂದ ಅನಂತಪುರ ಜಿಲ್ಲೆಯಲ್ಲೇ ಇದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಬಿಲ್ ಪುಸ್ತಕದ ಮೇಲಿನ ವಿಳಾಸ ಬದಲಾಯಿತೇ ಹೊರತು ಮನೆಯ ಮಾತು ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ತೆಲುಗು, ಅಂಗಡಿಯಲ್ಲಿ ಎರಡೂ.

ನಾವು ಕಲಿತದ್ದು ಕನ್ನಡ ಶಾಲೆಯಲ್ಲಿ. ತೆಲುಗು ಬಾರದಿದ್ದರೆ ವ್ಯಾಪಾರ ನಡೆಯದೆಂದು ನಮ್ಮ ತಂದೆಯವರು ಒಂದು ಉಪಾಯ ಮಾಡಿದರು. ಮದ್ರಾಸಿನಿಂದ ಬರುತ್ತಿದ್ದ ‘ಚಂದಮಾಮ’ ಮಾಸಪತ್ರಿಕೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ತರಿಸುತ್ತಿದ್ದರು. ಕಥೆಗಳೂ ಅವೇ, ಚಿತ್ರಗಳೂ ಅವೇ, ಲಿಪಿ ಮಾತ್ರ ಬೇರೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಬೇತಾಳನ ಕಥೆ ಓದುತ್ತ ಓದುತ್ತ ನಮಗೆ ತೆಲುಗು ಬಂದುಬಿಟ್ಟಿತು. ಮೇಷ್ಟರ ಸಂಬಳವೂ ಉಳಿಯಿತು. ಆ ‘ಚಂದಮಾಮ’ ಈಗ ನಿಂತುಹೋಗಿದೆ.

ಸ್ವಲ್ಪ ಬೆಳೆದ ಮೇಲೆ ನಮಗೆ ಹಿಡಿದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಹುಚ್ಚು. ಖಾತೆ ಪುಸ್ತಕದ ನಡುವೆ ಪತ್ತೇದಾರ ಪುರುಷೋತ್ತಮನನ್ನು ಅಡಗಿಸಿಟ್ಟು ಓದುತ್ತಿದ್ದಾಗ ಒಂದು ದಿನ ತಂದೆಯವರ ಕಣ್ಣಿಗೆ ಬಿದ್ದೆವು. ಬೈಗುಳ ಕಾದಿದೆ ಎಂದುಕೊಂಡರೆ, “ಕೊಲೆ ಮಾಡಿದವರು ಯಾರು?” ಎಂದು ಕೇಳಿದರು. ಇನ್ನೂ ತಿಳಿದಿಲ್ಲ ಎಂದೆವು. “ತಿಳಿದ ಮೇಲೆ ನನಗೂ ಹೇಳು. ಆದರೆ ಅಡಗಿಸಿಟ್ಟು ಓದಬೇಡ, ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲೇ ಇಟ್ಟುಕೋ” ಎಂದರು. ಅವರು ಮೆಚ್ಚುತ್ತಿದ್ದದ್ದು 1112ರಲ್ಲಿ ನಯಸೇನ ಬರೆದ ‘ಧರ್ಮಾಮೃತ’. ಕನ್ನಡದಲ್ಲಿ ಸಲ್ಲದ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂಬ ಅಭಿಪ್ರಾಯ ನಯಸೇನನದು. “ಕಲಬೆರಕೆ ಬೇಡವೆಂದ ಕವಿ, ನಮ್ಮಂಥ ಅಂಗಡಿಯವರು ಓದಬೇಕಾದವನೇ” ಎಂದು ತಂದೆಯವರು ನಗುತ್ತಿದ್ದರು. ಶಾಸ್ತ್ರಗ್ರಂಥದ ಮೇಲೆ ಬರೆಯಬಾರದೆಂದು, ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಕಷ್ಟದ ಪದಗಳ ಅರ್ಥ ಬರೆದು ಪುಟಗಳ ನಡುವೆ ಚೀಟಿ ಇಡುವುದು ಅವರ ಅಭ್ಯಾಸ.

ಈಗ ನಮ್ಮಿಂದಾದ ತಪ್ಪನ್ನು ಹೇಳಲೇಬೇಕು. 1994ರಲ್ಲಿ ಅಂಗಡಿಗೆ ಹೊಸ ಗಾಜಿನ ಬೀರುಗಳನ್ನು ಮಾಡಿಸಿದೆವು. ಅಟ್ಟದ ಮೇಲೆ ಜಾಗ ಬೇಕೆಂದು ಅಲ್ಲಿದ್ದ ಟ್ರಂಕಿನ ಪುಸ್ತಕಗಳನ್ನೆಲ್ಲ ತೆರೆದೂ ನೋಡದೆ ರದ್ದಿಯವನಿಗೆ ತೂಕಕ್ಕೆ ಹಾಕಿದೆವು. ಸಂಜೆ ತಂದೆಯವರು ಬಂದು ಖಾಲಿ ಟ್ರಂಕು ನೋಡಿದರು. ‘ಧರ್ಮಾಮೃತ’ ಅದರಲ್ಲಿತ್ತು, ಮೂವತ್ತು ವರ್ಷದ ಚೀಟಿಗಳ ಸಮೇತ. ಅವರು ಸಿಟ್ಟಾಗಲಿಲ್ಲ. “ತೂಕ ಸರಿಯಾಗಿ ನೋಡಿಕೊಂಡೆಯಾ?” ಎಂದು ಮಾತ್ರ ಕೇಳಿದರು. ಮರುದಿನ ಓಡಿದೆವು; ಟ್ರಂಕಿನ ಸರಕು ಆಗಲೇ ಲಾರಿ ಹತ್ತಿತ್ತು. ತಂದೆಯವರು ಅದಾಗಿ ಆರು ವರ್ಷ ಬದುಕಿದ್ದರು. ಆ ಚೀಟಿಗಳಲ್ಲಿ ಏನಿತ್ತು ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ‘ಧರ್ಮಾಮೃತ’ದ ಬೇರೆ ಪ್ರತಿ ಸಿಕ್ಕಿತು, ಇಂದೂ ನಮ್ಮಲ್ಲಿದೆ. ಚೀಟಿಗಳ ಪ್ರತಿ ಎಲ್ಲಿ ಸಿಕ್ಕೀತು?

ಎರಡು ಕಟ್ಟು ‘ಚಂದಮಾಮ’ ಮಾತ್ರ ಉಳಿದವು. ಮಕ್ಕಳಿಗೆ ಇರಲೆಂದು ನಮ್ಮ ಮನೆಯವರು ಅವನ್ನು ಸೀರೆಗಳ ಕೆಳಗೆ ಇಟ್ಟಿದ್ದರು.

ಅವರ ತವರು ಅಮರಾಪುರ. ಮಲ್ಲಿಸೆಟ್ಟಿ ಎಂಬ ವರ್ತಕನು ಪಾರ್ಶ್ವನಾಥ ಬಸದಿಗೆ ಎರಡು ಸಾವಿರ ಅಡಿಕೆ ಮರಗಳನ್ನು ಬಿಟ್ಟುಕೊಟ್ಟ 13ನೆಯ ಶತಮಾನದ ಶಾಸನ ಸಿಕ್ಕಿರುವ ಊರು ಅದು. ನಮ್ಮ ಮಾವನವರು ಮೆಚ್ಚಿದ ಗ್ರಂಥ ಮೂಡಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’. 16ನೆಯ ಶತಮಾನದ ಕೃತಿ. ಸಾಂಗತ್ಯದಲ್ಲಿರುವುದರಿಂದ ರಾಗವಾಗಿ ಹಾಡಲು ಬರುತ್ತದೆ. ನಮ್ಮಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯುವುದಲ್ಲವೇ? ಚಾತುರ್ಮಾಸ್ಯದ ದೀರ್ಘ ಸಂಜೆಗಳಲ್ಲಿ ಮಾವನವರು ಪಡಸಾಲೆಯಲ್ಲಿ ಕುಳಿತು ಹಾಡುತ್ತಿದ್ದರು, ಒಂದೊಂದು ಪದ್ಯಕ್ಕೂ ನಿಲ್ಲಿಸಿ ಅರ್ಥ ಹೇಳುತ್ತಿದ್ದರು. ಭರತ ಚಕ್ರವರ್ತಿ ಅರಮನೆಯಲ್ಲಿದ್ದೂ ಯೋಗಿಯಂತೆ ಬಾಳಿದ್ದು ಹೇಗೆಂದು ಅಡಿಕೆ ಸುಲಿಯುತ್ತಿದ್ದ ಅಕ್ಕಪಕ್ಕದ ಹೆಂಗಸರೂ ಕೇಳುತ್ತಿದ್ದರಂತೆ. ಅಕ್ಷರ ಬಾರದವರೂ ಹೀಗೆ ಕಾವ್ಯ ಬಲ್ಲವರಾದರು.

ಅಂಥ ಮನೆಯಿಂದ ಬಂದ ನಮ್ಮ ಮನೆಯವರು ಮೆಚ್ಚುವ ಲೇಖಕಿ ತ್ರಿವೇಣಿ. ‘ಶರಪಂಜರ’ವನ್ನು ಎಷ್ಟು ಸಲ ಓದಿದ್ದಾರೋ ಲೆಕ್ಕವಿಲ್ಲ. 1963ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಆಕೆ ಹೆಂಗಸರ ಮನಸ್ಸಿನ ನೋವನ್ನು ಬಲ್ಲಷ್ಟು ವೈದ್ಯರೂ ಬಲ್ಲರೋ ಇಲ್ಲವೋ ಎನ್ನುತ್ತಾರೆ. ನಮ್ಮ ಮೆಚ್ಚಿನವರು ತ.ರಾ.ಸು. ಅವರ ತಳುಕು ಗಡಿಯಾಚೆ ಚಳ್ಳಕೆರೆ ತಾಲ್ಲೂಕಿನಲ್ಲಿದೆ, ನಮ್ಮ ನೆರೆಯ ಸೀಮೆಯೇ. 1779ರಲ್ಲಿ ಹೈದರಾಲಿಗೆ ದುರ್ಗ ಸೋತ ಕಥೆಯನ್ನು ಹೇಳುವ ‘ದುರ್ಗಾಸ್ತಮಾನ’ಕ್ಕೆ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸೊಸೆ ಹಿಂದೂಪುರದವಳು, ತೆಲುಗಿನಲ್ಲಿ ಓದಿದವಳು. ಅವಳಿಗೆ ಯಂಡಮೂರಿ ವೀರೇಂದ್ರನಾಥ್. ಮಗ ಓದುತ್ತಿದ್ದದ್ದು ಜಿ.ಎಸ್.ಟಿ. ಸುತ್ತೋಲೆಗಳನ್ನು! ಮೊಮ್ಮಗ ಇಂಗ್ಲಿಷ್ ಶಾಲೆಯಲ್ಲಿ, ತೆಲುಗನ್ನು ಒಂದು ಭಾಷೆಯಾಗಿ ಕಲಿಯುವವನು. ಕನ್ನಡ ಮಾತಾಡಬಲ್ಲ, ಅಕ್ಷರ ಬಾರದು.

ಒಂದೇ ಛಾವಣಿಯ ಕೆಳಗೆ ಇಷ್ಟು ಅಭಿರುಚಿಗಳು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಗೊತ್ತಿಲ್ಲ. ಹುಡುಗನ ಪ್ರಶ್ನೆಯ ನಂತರ ಒಂದು ಕಟ್ಟಳೆ ಮಾಡಿಕೊಂಡೆವು. ವಾರಕ್ಕೊಮ್ಮೆ, ಅಂಗಡಿಗೆ ರಜೆಯಿರುವ ದಿನ ಸಂಜೆ ಊಟವಾದ ಮೇಲೆ ಎಲ್ಲರೂ ಕೂಡಬೇಕು. ಒಬ್ಬೊಬ್ಬರೂ ತಾವು ಓದಿದ್ದನ್ನು ಐದು ನಿಮಿಷ ಹೇಳಬೇಕು. ಕೇಳಿದವರಲ್ಲಿ ಒಬ್ಬರಾದರೂ ಒಂದು ಪ್ರಶ್ನೆ ಕೇಳಬೇಕು. ಯಾರ ಅಭಿರುಚಿಯನ್ನೂ ಯಾರೂ ಹೀಯಾಳಿಸಕೂಡದು. ಈ ಕೊನೆಯ ನಿಯಮವನ್ನು ಮೊದಲ ವಾರವೇ ಮುರಿದವರು ನಾವೇ. ಯಂಡಮೂರಿಯವರ ಮಾಟಮಂತ್ರದ ಕಥೆ ಕೇಳಿ ನಕ್ಕೆವು. ಸೊಸೆ ಮೆಲ್ಲಗೆ, “ಮಾವ, ಪತ್ತೇದಾರ ಪುರುಷೋತ್ತಮನ ವಿಷಯ ಅತ್ತೆ ಹೇಳಿದ್ದಾರೆ” ಎಂದಳು. ಬಾಯಿ ಮುಚ್ಚಿಕೊಂಡೆವು.

ತೆಲುಗು ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಎರಡನೆಯ ಪಂಕ್ತಿಯೇ ಎಂದು ಸೊಸೆಗೆ ಅನುಮಾನವಿತ್ತು. ಅವಳಿಗೆ ಪಂಪನ ಮನೆಯ ಸಂಗತಿ ಹೇಳಿದೆವು. 941ರಲ್ಲಿ ‘ಆದಿಪುರಾಣ’ ಬರೆದ ಪಂಪ ಕನ್ನಡದ ಆದಿಕವಿ. ಅವನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದಲ್ಲಿ ಬೆಟ್ಟದ ಬಂಡೆಯ ಮೇಲೆ ಹಾಕಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಅದರ ಕಂದಪದ್ಯಗಳು ತೆಲುಗಿನ ಅತಿ ಹಳೆಯ ಪದ್ಯಗಳ ಸಾಲಿಗೆ ಸೇರಿದವು. ಜೈನರ ಆ ಒಂದೇ ಮನೆಯಲ್ಲಿ ಎರಡು ಭಾಷೆಗೂ ಮಣೆ ಹಾಕಿದ್ದರು. ನಮ್ಮ ಮನೆಯಲ್ಲಿ ಹಾಕಿದರೆ ತಪ್ಪೇನು?

ಮೊಮ್ಮಗನಿಗೆ ಸೀರೆಗಳ ಕೆಳಗಿನ ‘ಚಂದಮಾಮ’ ಕಟ್ಟುಗಳು ಹೊರಬಂದವು. ನಾವು ಕನ್ನಡದಿಂದ ತೆಲುಗಿಗೆ ಹೋದ ದಾರಿಯಲ್ಲೇ ಅವನು ತೆಲುಗಿನಿಂದ ಕನ್ನಡಕ್ಕೆ ಬಂದ. ಎರಡೂ ಲಿಪಿ ಅಕ್ಕತಂಗಿಯರು. ತಲೆಕಟ್ಟು ಬೇರೆ, ‘ಕ’, ‘ತ’ ಮುಂತಾದ ಕೆಲವು ಅಕ್ಷರಗಳ ಆಕಾರ ಬೇರೆ. ಉಳಿದವನ್ನು ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಹದಿನೈದು ದಿನಕ್ಕೆ ಕೂಡಿಸಿ ಓದತೊಡಗಿದ. ಗಡಿಯಲ್ಲಿರುವ ನಮ್ಮ ಬಂಧುಗಳು “ಮಕ್ಕಳಿಗೆ ಕನ್ನಡ ಶಾಲೆ ಇಲ್ಲ” ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ ಎಂಬುದು ನಮ್ಮ ಅನುಭವ.

ಆಮೇಲೆ ಅವನಿಗೆ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನು ಹೊಸಗನ್ನಡದಲ್ಲಿ ಕೊಟ್ಟೆವು. ರಾಜನಿಗೇ ಕೊಳ್ಳಲಾಗದ ರತ್ನಗಂಬಳಿಯನ್ನು ಸುಕುಮಾರನ ತಾಯಿ ಯಶೋಭದ್ರೆ ಕೊಂಡು, ಕತ್ತರಿಸಿ, ಸೊಸೆಯಂದಿರಿಗೆ ಪಾದರಕ್ಷೆ ಮಾಡಿಸುತ್ತಾಳಲ್ಲ, ಆ ಭಾಗವನ್ನು ಓದಿ, “ಅಷ್ಟು ಬೆಲೆಯ ಬಟ್ಟೆ ಯಾರಾದರೂ ಕತ್ತರಿಸುತ್ತಾರಾ ತಾತಾ?” ಎಂದ. ಜವಳಿ ಅಂಗಡಿಯ ಮಗುವಲ್ಲವೇ! ನಾವು ಉತ್ಸಾಹದಿಂದ ಕಂಬಳಿಯ ವ್ಯಾಪಾರವನ್ನೇ ವಿವರಿಸತೊಡಗಿದೆವು. ನಮ್ಮ ಮನೆಯವರು ನಡುವೆ ತಡೆದು, “ಕಂಬಳಿ ಹಾಗಿರಲಿ, ಅಂಥ ಮನೆಯಲ್ಲಿ ಬೆಳೆದ ಮಗ ಎಲ್ಲವನ್ನೂ ಬಿಟ್ಟು ಕಾಡಿಗೆ ಹೋದದ್ದು ಯಾಕೆ, ಅದನ್ನು ಕೇಳು” ಎಂದರು. ಅಂದಿನ ಸಂಜೆಯ ಮಾತು ಮಲಗುವ ಹೊತ್ತಿನವರೆಗೂ ಸಾಗಿತು. ಸುಮ್ಮನೆ ಕೇಳುತ್ತಿದ್ದ ಮಗ ಮೂರನೆಯ ತಿಂಗಳಿಗೆ ಭೈರಪ್ಪನವರ ‘ಪರ್ವ’ ಹಿಡಿದ.

ಬಂಧುಗಳೇ, ನಾವು ಓದದ ಕುಲದವರಲ್ಲ. ಕುಂದಕುಂದಾಚಾರ್ಯರ ಊರೆಂದು ವಿದ್ವಾಂಸರು ಗುರುತಿಸಿದ ಕೊನಕೊಂಡ್ಲ ಇರುವುದು ನಮ್ಮ ಅನಂತಪುರ ಜಿಲ್ಲೆಯಲ್ಲೇ, ಗುಂತಕಲ್ಲಿನ ಹತ್ತಿರ. 993ರಲ್ಲಿ ‘ಅಜಿತಪುರಾಣ’ ಬರೆದ ರನ್ನ ಬಳೆಗಾರರ ಮನೆಯ ಮಗ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ! ಮೂಡಬಿದಿರೆಯ ಧವಲಾದಿ ಗ್ರಂಥಗಳೋ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಕ್ಕುತ್ತಿದ್ದವು. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಹದಿನಾರು ಸಂಪುಟಗಳಾಗಿ ಅಚ್ಚಾದ ಮೇಲೆ ಎಲ್ಲರ ಓದಿಗೆ ಬಂತು. ಬರೆದಿಟ್ಟದ್ದು ಪುಣ್ಯವೇ, ಕಾಪಾಡಿದ್ದೂ ಪುಣ್ಯವೇ. ತೆರೆದು ಹೇಳಿದಾಗಲೇ ಅದು ಶಾಸ್ತ್ರದಾನ.

ಆದ್ದರಿಂದ ವಾಚಕ ಬಂಧುಗಳಲ್ಲಿ ವಿನಂತಿ. ಅಟ್ಟದ ಮೇಲಿನ ಟ್ರಂಕನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಹಿರಿಯರು ಯಾವ ಪುಸ್ತಕ ಮೆಚ್ಚಿದರು, ಏಕೆ ಮೆಚ್ಚಿದರು ಎಂದು ಅವರಿರುವಾಗಲೇ ಕೇಳಿಕೊಳ್ಳಿ. ನಾವು ಕೇಳದೆ ಕಳೆದುಕೊಂಡೆವು.

ಮೊನ್ನೆ ಅಂಗಡಿಯಲ್ಲಿ ಮೊಮ್ಮಗ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಕುಳಿತು ನಮ್ಮ ‘ಧರ್ಮಾಮೃತ’ವನ್ನು ತಡವರಿಸುತ್ತ ಓದುತ್ತಿದ್ದ. ಕಷ್ಟದ ಪದವೊಂದರ ಅರ್ಥ ಕೇಳಿದ, ಹೇಳಿದೆವು. “ಮರೆತುಹೋಗುತ್ತದೆ, ಬರೆದಿಟ್ಟುಕೊಳ್ಳಲು ಏನಾದರೂ ಕೊಡು ತಾತಾ” ಎಂದ. ಹಳೆಯ ಬಿಲ್ಲೊಂದನ್ನು ಹರಿದು, ಹಿಂಬದಿ ತಿರುಗಿಸಿ ಅವನ ಕೈಗೆ ಕೊಟ್ಟೆವು.